ಹಳೆಯ ಟ್ರೇಲರಿಗೆ ತಗಡಿನ ಗೂಡು ಬೇಡ

ಮೆಕ್ಕೆಜೋಳ ನೆನೆಯಬಾರದೆಂದು ಹಳೆಯ ಟ್ರ್ಯಾಕ್ಟರ್ ಟ್ರೇಲರಿನ ಸುತ್ತಲೂ ಮೇಲೂ 18 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ವೆಲ್ಡ್ ಮಾಡಿಸುತ್ತಿದ್ದೇನೆ ಎಂದು ಬರೆದಿದ್ದೀರಿ. ಫೋಟೊದಲ್ಲಿ ಇನ್ನೂ ಚೌಕಟ್ಟು ಮಾತ್ರ ಎದ್ದಿದೆ. ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ನಮ್ಮ ಟ್ರೇಲರಿನ ಮೇಲೂ ಇಂಥದೇ ಗೂಡಿತ್ತು. ಕಡೆಗೆ ಗ್ಯಾಸ್ ಕಟರಿನಿಂದ ಕೊಯ್ದು ತೆಗೆಸಬೇಕಾಯಿತು.

ಭಾರದ ಲೆಕ್ಕ ಹಾಕಿ. 10 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಎತ್ತರಕ್ಕೆ ತಗಡೇ ಸುಮಾರು 200 ಕಿಲೊ ಬರುತ್ತದೆ. ಅದೂ ಮೇಲೆ ಕೂರುವ ಭಾರ, ಒಂದು ಗಾಲಿ ಬದುವಿನ ಗುಂಡಿಗೆ ಇಳಿದರೆ ಸಾಕು, ಟ್ರೇಲರ್ ವಾಲುತ್ತದೆ. ಅದಕ್ಕಿಂತ ಕೆಟ್ಟದ್ದು ಬೆವರು. ಕಾಳು ಪೂರ್ತಿ ಒಣಗಿರದಿದ್ದರೆ ಅದರ ತೇವ ಆವಿಯಾಗಿ ಮೇಲೇರುತ್ತದೆ, ರಾತ್ರಿ ತಣ್ಣಗಾದ ತಗಡಿಗೆ ತಗುಲಿ ನೀರಾಗುತ್ತದೆ. ಎಪಿಎಂಸಿ ಮುಂದೆ ಸಾಲಿನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಬಾಗಿಲು ತೆರೆದರೆ ಒಳಗಿನ ರಿವಿಟ್ ರಿವಿಟ್‌ಗೂ ಹನಿ ಜೋತಿತ್ತು. ಮೇಲಿನ ಸಾಲಿನ ಚೀಲಗಳಿಗೆ ಮುಗ್ಗಲು ವಾಸನೆ. ಹೊರಗೆ ಒಂದು ಹನಿ ಮಳೆ ಬಿದ್ದಿರಲಿಲ್ಲ!

ಈಗ ನಮ್ಮಲ್ಲಿರುವುದು ಬಿಚ್ಚಿಡಬಹುದಾದ ಕಮಾನು. ಪಕ್ಕದ ಹಲಗೆಗೆ ಹೊರಗಿನಿಂದ ಪೈಪಿನ ತುಂಡುಗಳನ್ನು ಬೋಲ್ಟ್ ಹಾಕಿ ಕೂರಿಸಿ, ಅದರೊಳಗೆ ಬಗ್ಗಿಸಿದ ಜಿಐ ಪೈಪಿನ ಕಮಾನು ಇಳಿಸಿ, ಅಡ್ಡ ಪಿನ್ನು ಹಾಕಿ. ನೆತ್ತಿಯ ಉದ್ದಕ್ಕೂ ಒಂದು ಪೈಪು ಓಡಲಿ, ಅದು ಪಕ್ಕಕ್ಕಿಂತ ಒಂದಡಿಯಾದರೂ ಎತ್ತರವಿರಲಿ. ಚಪ್ಪಟೆ ಮಾಡಿದರೆ ನೀರು ನಿಂತು ಹೊದಿಕೆ ಜೋಲುತ್ತದೆ. ಹೊದಿಕೆ ತಾಗುವ ಪೈಪಿನ ಮೇಲೆಲ್ಲ ಹಳೆಯ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ. ಇದನ್ನು ಬಿಟ್ಟವರ ಹೊದಿಕೆ ಕಮಾನಿನ ಮೇಲೇ ಸವೆದು ತೂತಾಗುತ್ತದೆ. ಎರಡು ತುಂಡು ಹೊದಿಸುವುದಾದರೆ ಮುಂದಿನದು ಹಿಂದಿನದರ ಮೇಲೆ ಬರಲಿ, ಇಲ್ಲವಾದರೆ ಗಾಳಿ ಸಂದಿಗೆ ನುಗ್ಗಿ ಎತ್ತಿಬಿಡುತ್ತದೆ. ಹಿಂಬದಿಯ ನೆತ್ತಿಯಲ್ಲಿ ಗಾಳಿಯಾಡಲು ಗೇಣಗಲ ಬಿಡಿ.

ಹೊದಿಕೆಗೆ 650 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 650 ಗ್ರಾಂ ತೂಗುವ, ಪಿವಿಸಿ ಟಾರ್ಪಾಲನ್ನೇ ತನ್ನಿ. ಅದೇ ಅಳತೆಯ ಇಡೀ ಗೂಡಿಗೆ ಇದರ ಭಾರ 13 ಕಿಲೊ ಆಸುಪಾಸು, ಮಡಿಕೆ ಸೇರಿಸಿ ಇನ್ನೊಂದಿಷ್ಟು. ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಹಾಳೆ ಕಣದ ರಾಶಿ ಮುಚ್ಚಲು ಒಳ್ಳೆಯದು, ನಾವೂ ಬಳಸುತ್ತೇವೆ. ಆದರೆ ಓಡುವ ಗಾಡಿಯ ಮೇಲೆ ಪಟಪಟ ಬಡಿಯುವುದಕ್ಕೆ ತೆಳು ಹಾಳೆ ಬೇಡ. ಜಿಎಸ್‌ಎಂ ಹೇಳಲಾರದ ಅಂಗಡಿಯಲ್ಲಿ ಕೊಳ್ಳಲೇಬೇಡಿ, ತುಂಡನ್ನು ತೂಗಿಸಿ ನೋಡಿ.

ಜಿಐ ಪೈಪಿಗೆ ವೆಲ್ಡಿಂಗ್ ಬೇಕೇಬೇಕೆಂದರೆ ಆ ಜಾಗದ ಸತುವನ್ನು ಉಜ್ಜಿ ತೆಗೆಸಿ, ಬಯಲಲ್ಲೇ ಮಾಡಿಸಿ. ಆ ಬಿಳಿ ಹೊಗೆ ಕುಡಿದರೆ ಚಳಿ ಜ್ವರ ಬರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಹುಡುಗರಿಂದ ಇಂಥ ಕೆಲಸ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಮೇಲೆ ಜಿಂಕ್ ಪ್ರೈಮರ್ ಬಳಿಯಿರಿ.

ಗೂಡನ್ನು ಖಾಯಂ ಕೂರಿಸಿದರೆ ಆರ್‌ಟಿಒ ಪ್ರಶ್ನೆಯೂ ಏಳುತ್ತದೆ. ವಾಹನದ ರೂಪ ಮಾರ್ಪಡಿಸುವುದರ ಬಗ್ಗೆ ಇರುವ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಓದಿಕೊಳ್ಳಿ. ನಿಮ್ಮದು ಡಂಪಿಂಗ್ ಟ್ರೇಲರಾದರೆ ಎತ್ತುವ ಮೊದಲು ಕಮಾನು ಇಳಿಸಿ, ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ ನೋಡಿ. ಟಾರ್ಪಾಲು ಇಳಿಬಿದ್ದು ಹಿಂದಿನ ದೀಪ ಮುಚ್ಚಬಾರದು. ಹಿಂಬದಿಗೆ ಕೆಂಪು, ಪಕ್ಕಕ್ಕೆ ಹಳದಿ ಪ್ರತಿಫಲನ ಪಟ್ಟಿ ಹಚ್ಚಿ.

ಫೋಟೊದಲ್ಲಿ ಎಡಗಾಲಿ ಸ್ವಲ್ಪ ಒಳಕ್ಕೆ ವಾಲಿದಂತೆ ಕಾಣುತ್ತಿದೆ. ಹೊದಿಕೆಯ ಮಾತು ಆಮೇಲೆ, ಮೊದಲು ಜಾಕ್ ಕೊಟ್ಟು ಎತ್ತಿ ಆ ಗಾಲಿಯ ಬೇರಿಂಗ್ ಅಲುಗುತ್ತದೆಯೇ ನೋಡಿ ಇಲ್ಲಿ ತಿಳಿಸಿ.