ಮಗನ ಬಾಯಲ್ಲಿ ದ್ವೇಷದ ಮಾತು

ಪ್ರಶ್ನೆ: ನನ್ನ ಮಗನಿಗೆ 19 ವರ್ಷ, ಎಂಜಿನಿಯರಿಂಗ್ ಓದುತ್ತಿದ್ದಾನೆ. ಆರು ತಿಂಗಳಿಂದ ರಾತ್ರಿಯೆಲ್ಲ ಫೋನ್ ಹಿಡಿದಿರುತ್ತಾನೆ, ನಾವು ಹತ್ತಿರ ಹೋದರೆ ಮಗುಚಿಡುತ್ತಾನೆ. ಒಂದನೆಯ ತರಗತಿಯಿಂದ ಜೊತೆಗಿದ್ದ ಗೆಳೆಯನನ್ನು ‘ಅವರನ್ನು ನಂಬಬಾರದು’ ಎಂದು ದೂರವಿಟ್ಟಿದ್ದಾನೆ. ಎದುರು ಮಾತಾಡಿದರೆ ತಟ್ಟೆ ಬಿಟ್ಟು ಎದ್ದುಹೋಗುತ್ತಾನೆ. ಫೋನ್ ಕಿತ್ತುಕೊಳ್ಳಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬೇಡ. ಕಿತ್ತುಕೊಂಡರೆ, ‘ಮನೆಯವರಿಗೂ ನೀನು ಬೇಡ, ನಿನಗೆ ನಾವೇ ಗತಿ’ ಎಂದು ಫೋನಿನ ಅತ್ತಲಿರುವ ದ್ವೇಷದ ಗುಂಪಿನವರು ಅವನ ಕಿವಿಯಲ್ಲಿ ಊದುತ್ತಿರುವುದಕ್ಕೆ ನೀವೇ ಸಾಕ್ಷಿ ಒದಗಿಸಿದಂತಾಗುತ್ತದೆ. ಅವರು ಯಾವ ಗುಂಪಿನವರೆಂದು ನೀವು ಬರೆದಿಲ್ಲ. ಬರೆದಿದ್ದರೂ ನನ್ನ ಉತ್ತರ ಬೇರೆಯಾಗುತ್ತಿರಲಿಲ್ಲ. ಇಂಥ ಗುಂಪುಗಳು ಹುಡುಗರಿಗೆ ಮೊದಲು ಕೊಡುವುದು ಸಿದ್ಧಾಂತವನ್ನಲ್ಲ, ‘ನೀನು ನಮ್ಮವನು’ ಎಂಬ ಮಾತನ್ನು. ಆದ್ದರಿಂದ ಆರು ತಿಂಗಳ ಹಿಂದೆ ಅವನಿಗೆ ಏನಾಯಿತೆಂಬುದನ್ನು ಮೊದಲು ತಿಳಿಯಿರಿ: ಪರೀಕ್ಷೆಯಲ್ಲಿ ನಪಾಸೋ, ಕಾಲೇಜಿನಲ್ಲಿ ಅವಮಾನವೋ, ಒಂಟಿತನವೋ.

ಡೆನ್ಮಾರ್ಕ್‌ನ ಆರ್ಹುಸ್ ನಗರದಿಂದ 2013ರ ಹೊತ್ತಿಗೆ ಸುಮಾರು 30 ಯುವಜನರು ಸಿರಿಯಾದ ಯುದ್ಧಕ್ಕೆ ಹೊರಟುಹೋಗಿದ್ದರು. ಅಲ್ಲಿನ ಪೊಲೀಸರು ಶಾಲೆ ಮತ್ತು ಸಮಾಜ ಕಲ್ಯಾಣ ವಿಭಾಗಗಳೊಡನೆ ಸೇರಿ, ಅದೇ ದಾರಿಗೆ ಜಾರುತ್ತಿದ್ದ ಹುಡುಗರನ್ನು ಕಾಫಿಗೆ ಕರೆದು ಮಾತಾಡಿಸಿದರು. ಓದು, ಕೆಲಸ, ಮನೆಯ ಕಷ್ಟ ಎಲ್ಲವನ್ನೂ ವಿಚಾರಿಸುವ ಒಬ್ಬ ಹಿರಿಯ ಮಾರ್ಗದರ್ಶಕನನ್ನು ಜೊತೆಮಾಡಿದರು. ಅಪರಾಧ ಮಾಡಿದವರ ಮೇಲಿನ ಮೊಕದ್ದಮೆಯನ್ನು ಮಾತ್ರ ಬಿಡಲಿಲ್ಲ. ‘ಭಯೋತ್ಪಾದಕರನ್ನು ಅಪ್ಪಿಕೊಳ್ಳುವ ಯೋಜನೆ’ ಎಂಬ ಗೇಲಿಯೂ ಕೇಳಿಬಂತು. 2014ರಲ್ಲಿ ಆ ಊರಿನಿಂದ ಹೊರಟವನು ಒಬ್ಬನೇ. ಇಳಿಕೆಗೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೂ ಆ ಕಾಫಿಯ ಬಗ್ಗೆ ನನಗೆ ಗೌರವವಿದೆ.

ನಿಮ್ಮ ಮನೆಯಲ್ಲಿ ಆ ಮಾರ್ಗದರ್ಶಕನ ಜಾಗಕ್ಕೆ ಯಾರಿದ್ದಾರೆ? ಸೋದರಮಾವನೋ, ಹಳೆಯ ಮೇಷ್ಟ್ರೋ, ಅವನು ಇಂದಿಗೂ ಗೌರವಿಸುವ ಒಬ್ಬರನ್ನು ಹುಡುಕಿ. ಊಟದ ಹೊತ್ತಿನಲ್ಲಿ ವಾದ ಬೇಡ. ‘ಇದನ್ನು ಯಾರು ಹೇಳಿದರು, ನೀನು ಅವರನ್ನು ನೋಡಿದ್ದೀಯಾ?’ ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯಿರಿ. ಆ ಬಾಲ್ಯದ ಗೆಳೆಯನನ್ನು ಎಂದಿನಂತೆ ಹಬ್ಬಕ್ಕೆ ಕರೆಯಿರಿ, ಮಗ ಕೋಣೆಯಿಂದ ಹೊರಗೆ ಬಾರದಿದ್ದರೂ ಸರಿ. ಅವನಿಗೆ ನಿದ್ದೆಗೆಟ್ಟಿದ್ದರೆ, ಖಿನ್ನತೆಯ ಸುಳಿವು ಕಂಡರೆ 14416ಕ್ಕೆ, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಆದರೆ ಆಯುಧದ ಮಾತು ಬಂದರೆ, ಇಂಥವರಿಗೆ ಪಾಠ ಕಲಿಸುತ್ತೇನೆಂದು ಒಬ್ಬರ ಹೆಸರು ಹಿಡಿದು ಹೇಳಿದರೆ, ಇಲ್ಲವೇ ಹೇಳದೆ ಕೇಳದೆ ಊರು ಬಿಡುವ ಸಿದ್ಧತೆ ಕಂಡರೆ, ಮರ್ಯಾದೆಗೆ ಅಂಜಿ ಕೂರದೆ ಅಂದೇ ಪೊಲೀಸರಿಗೆ ತಿಳಿಸಿ.