ಗೋಡೆ ಮೇಲೆ ನನ್ನ ಫೋಟೋ ಬೇಡ ಸಾರ್

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬಂದವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ನಾನು ಆಪ್ತ ಸಮಾಲೋಚಕಿ. ಅವರು ನನ್ನ ಬಳಿ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸೆಕ್ಷನ್ ಸೂಪರ್‌ವೈಸರ್. ವಯಸ್ಸು ನಲವತ್ತರ ಆಸುಪಾಸು. ಕೈಕೆಳಗೆ 22 ಜನ, ಮುಕ್ಕಾಲು ಪಾಲು ಹೆಂಗಸರು. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯಿಂದ ದಿನಾ ಬಂದು ಹೋಗುವವರೂ ಇದ್ದಾರೆ. ಸೆಕ್ಷನ್‌ನಲ್ಲಿ ಎಲ್ಲರೂ ಅವರನ್ನು ಸಾರ್ ಅನ್ನುತ್ತಾರೆ. ಇಲ್ಲಿ ನಾನೂ ಹಾಗೇ ಅನ್ನುತ್ತೇನೆ.

ಎದೆ ಡವಡವ, ಹೊಟ್ಟೆ ಉರಿ, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಬಿಪಿ ಜಾಸ್ತಿ ಇತ್ತು, ಮಾತ್ರೆ ಶುರುವಾಯಿತು. ಎರಡನೇ ಭೇಟಿಯಲ್ಲಿ ನಿಜವಾದ ಮಾತು ಹೊರಗೆ ಬಂತು.

"ನಾನು ಇವರಿಗೋಸ್ಕರ ಏನೇನೋ ಮಾಡ್ತೀನಿ ಮೇಡಂ. ಒಬ್ಬರಿಗೂ ಬೇಕಾಗಿಲ್ಲ."

ಏನೇನು ಮಾಡಿದ್ದರು? ತಂಡದಲ್ಲಿ ಒಗ್ಗಟ್ಟು ಬರಲಿ ಅಂತ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಎಲ್ಲರನ್ನೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿದ್ದರು. ಸಾವಿರ ಮೆಟ್ಟಿಲು. ಬಂದವರು ಒಂಬತ್ತು ಜನ. ಅದರಲ್ಲಿ ಇಬ್ಬರು ಮಂಡಿ ನೋವು ಅಂತ ನಂದಿಯವರೆಗೂ ಹೋಗಲಾಗದೆ ಕೂತುಬಿಟ್ಟರು. ಆಮೇಲೆ ಕಾರ್ಖಾನೆಯ ಅಂಗಳದಲ್ಲಿ ಹಗ್ಗಜಗ್ಗಾಟ. ಅದಾದ ಮೇಲೆ 'ತಿಂಗಳ ಉತ್ತಮ ಉದ್ಯೋಗಿ' ಅಂತ ಬಾಗಿಲ ಪಕ್ಕ ಫ್ರೇಮ್ ಹಾಕಿದ ಫೋಟೋ. ಖರ್ಚು ಕೂಡ ತಮ್ಮ ಜೇಬಿನಿಂದಲೇ. ಮನೆಯಲ್ಲಿ ಹೆಂಡತಿ ಅದಕ್ಕೆ ಬೈದಿದ್ದರಂತೆ. ನನಗೇನೋ ಅವರ ಬೈಗುಳ ನ್ಯಾಯವಾಗಿಯೇ ಕಂಡಿತು.

ಮೂರು ತಿಂಗಳು ಸತತವಾಗಿ ಆ ಫ್ರೇಮಿನಲ್ಲಿ ಒಬ್ಬರದೇ ಫೋಟೋ. ಹನ್ನೆರಡು ವರ್ಷ ಸರ್ವಿಸ್ ಆದ ಒಬ್ಬ ಅಕ್ಕನದು. ನಾಲ್ಕನೇ ತಿಂಗಳು ಆಕೆ ಬಂದು ಕೈ ಮುಗಿದರು. "ಸಾರ್, ಗೋಡೆ ಮೇಲೆ ನನ್ನ ಫೋಟೋ ಬೇಡ. ಇನ್ನು ಹಾರ ಹಾಕೋದೊಂದು ಬಾಕಿ ಅಂತ ಆಡ್ಕೋತಾರೆ. ಊಟಕ್ಕೂ ಯಾರೂ ಜೊತೇಲಿ ಕೂರಲ್ಲ."

ಸಾರ್ ನಿದ್ದೆ ಕೆಟ್ಟಿದ್ದು ಅವತ್ತಿನಿಂದ.

ನಾನು ನಗಬಾರದಿತ್ತು, ಆದರೂ ನಗು ಬಂತು. ನಮ್ಮ ಮನೆಗಳಲ್ಲಿ ಗೋಡೆಗೆ ಒಂಟಿ ಫೋಟೋ ಏರುವುದು ಯಾವಾಗ ಅಂತ ಎಲ್ಲರಿಗೂ ಗೊತ್ತಲ್ವಾ? ಅವರೂ ನಕ್ಕರು. ನನ್ನ ಕೋಣೆಯಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಆಮೇಲೆ ಕೇಳಿದೆ. ನಿಮ್ಮ ಕೆಲಸವನ್ನು ಯಾರಾದರೂ ಮೆಚ್ಚಿದ ನೆನಪಿದೆಯಾ? ತುಂಬಾ ಹೊತ್ತು ಸುಮ್ಮನಿದ್ದರು. ಮ್ಯಾನೇಜರ್ ಬಗ್ಗೆ ಏನೂ ಹೇಳಲಿಲ್ಲ. ಅಪ್ಪನ ಬಗ್ಗೆ ಹೇಳಿದರು. ಮಂಡ್ಯ ಜಿಲ್ಲೆಯಲ್ಲಿ ನಾಲೆ ನೀರಿನ ಗದ್ದೆ. ನಾಟಿ ದಿನ ಸಂಜೆ ಅಪ್ಪ ಬದುವಿನ ಮೇಲೆ ನಡೆದು ಹೋಗುತ್ತಿದ್ದರು. ಒಂದು ಕಡೆ ನಿಂತು, "ಈ ಸಾಲು ಯಾರು ನೆಟ್ಟಿದ್ದು?" ಅಂತ ಕೇಳುತ್ತಿದ್ದರು. ಅಷ್ಟೇ. ಹೊಗಳುತ್ತಿರಲಿಲ್ಲ. ಒಂದು ಸಲ ಅದು ಈ ಹುಡುಗನ ಸಾಲಾಗಿತ್ತು. ಅದನ್ನು ಹೇಳುವಾಗ ಕಣ್ಣು ಒದ್ದೆಯಾಯಿತು.

ಸಲಹೆ ಸಿಕ್ಕಿದ್ದು ಅಲ್ಲೇ, ಅದೂ ಅವರ ಬಾಯಿಂದಲೇ. ನಾನು ಅದಕ್ಕೆ ಸ್ವಲ್ಪ ಪುಸ್ತಕದ ಮಾತು ಸೇರಿಸಿದೆ. ಫ್ರಾನ್ಸಿನ ರಿಂಗೆಲ್‌ಮನ್ ಅನ್ನುವ ಕೃಷಿ ಎಂಜಿನಿಯರ್ 1913ರಲ್ಲಿ ಹಗ್ಗ ಎಳೆಯುವ ಲೆಕ್ಕ ಪ್ರಕಟಿಸಿದ. ಎಂಟು ಜನ ಸೇರಿ ಎಳೆದಾಗ ತಲಾ ಬಲ, ಒಬ್ಬೊಬ್ಬರೇ ಎಳೆದಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. ಎಳೆತ ಒಟ್ಟಿಗೆ ಕೂಡಿಬರದೇ ಇರುವುದು ಒಂದು ಕಾರಣ. ಗುಂಪಿನಲ್ಲಿ ಕೈ ಸಡಿಲ ಬಿಡುವುದು ಇನ್ನೊಂದು. ಯಾರ ಪಾಲು ಎಷ್ಟು ಅಂತ ಕಾಣುವ ಹಾಗೆ ಮಾಡಿದರೆ ಈ ಸಡಿಲ ಕಡಿಮೆಯಾಗುತ್ತದೆ ಅಂತ ಆಮೇಲಿನ ಪ್ರಯೋಗಗಳು ತೋರಿಸಿವೆ. ನಿಮ್ಮ ಹಗ್ಗಜಗ್ಗಾಟಕ್ಕಿಂತ ನಿಮ್ಮಪ್ಪನ ಪ್ರಶ್ನೆಯೇ ವಾಸಿ ಸಾರ್ ಅಂದೆ.

ದಿನಕ್ಕೆ ಒಂದು ಸಲ ಸಾಕು. ಒಂದು ಕೆಲಸದ ಹತ್ತಿರ ನಿಂತು "ಇದು ಯಾರು ಮಾಡಿದ್ದು?" ಅಂತ ಕೇಳಿ. ಬರೀ 'ವೆರಿ ಗುಡ್' ಬೇಡ. ಏನು ಮಾಡಿದರು, ಅದರಿಂದ ಏನು ಉಳಿಯಿತು, ಅದನ್ನು ಹೇಳಿ. "ಲೇಬಲ್ ತಪ್ಪಿದ್ದನ್ನು ನೀವು ಹಿಡಿದಿದ್ದಕ್ಕೆ ಲೋಡ್ ವಾಪಸ್ ಬರಲಿಲ್ಲ" ಅನ್ನುವ ಹಾಗೆ. ಮಾಡಿದ ವಾರದೊಳಗೇ ಹೇಳಿ, ವರ್ಷದ ಕೊನೆಗಲ್ಲ. ಎಲ್ಲರ ಮುಂದೆ ಹೇಳಿದರೆ ಕೆಲವರಿಗೆ ಖುಷಿ, ಕೆಲವರಿಗೆ ಮುಜುಗರ. ಅಕ್ಕನ ಹತ್ತಿರ ಕ್ಷಮೆ ಕೇಳಿ ಫ್ರೇಮ್ ಇಳಿಸಿ.

ಆಟದ ವಿಷಯ. ಭಾನುವಾರ ಮುಟ್ಟಬೇಡಿ ಅಂದೆ. ಆರು ದಿನ ದುಡಿದ ಹೆಂಗಸಿಗೆ ಆ ದಿನ ಬಟ್ಟೆ, ಮಕ್ಕಳು, ಸಂತೆ ಎಲ್ಲಾ ಕಾಯುತ್ತಿರುತ್ತವೆ. ಡ್ಯೂಟಿ ಟೈಮಿನಲ್ಲೇ, ಶನಿವಾರ ಕೊನೆಯ ಅರ್ಧ ಗಂಟೆ ಕೇಳಿ ಪಡೆಯಿರಿ. ಚೌಕಾಬಾರ ಆಡಲಿ. ಸೀಮೆಸುಣ್ಣದಲ್ಲಿ ಮನೆ ಬರೆದು ನಾಲ್ಕು ಕವಡೆ ಇಟ್ಟರೆ ಆಯಿತು. ಮಂಡಿ ನೋವಿನವರೂ ಸ್ಟೂಲ್ ಹಾಕಿಕೊಂಡು ಆಡಬಹುದು, ಹೊಸ ಹುಡುಗಿ ಹಳೇ ಅಕ್ಕನ ಕಾಯಿ ಹೊಡೆಯಬಹುದು. ಬೇಡ ಅನ್ನುವವರು ಕಾಫಿ ಕುಡಿದು ಕೂರಲಿ, ಹೆಸರು ಬರೆದುಕೊಳ್ಳಬೇಡಿ. ಆಯುಧಪೂಜೆಯ ಅಲಂಕಾರ, ತಿಂಡಿ ಎಲ್ಲಾ ಅವರಿಗೇ ಬಿಡಿ. ನೀವು ದುಡ್ಡಿನ ಲೆಕ್ಕ ಮಾತ್ರ ನೋಡಿ.

ಒಂದು ವಿಷಯಕ್ಕೆ ಅವರು ಸಿಟ್ಟಾದರು. ಸೆಕ್ಷನ್‌ನಲ್ಲಿ ಏನು ಕೊರತೆ ಅಂತ ಕೇಳಿದಾಗ, ಎರಡು ಫ್ಯಾನ್ ಕೆಟ್ಟು ತುಂಬಾ ದಿನವಾಯಿತು ಅಂದಿದ್ದರು. ಹಾಗಾದರೆ ಮೊದಲು ಫ್ಯಾನ್ ಅಂದೆ. "ಅದು ನನ್ನ ಕೈಲಿಲ್ಲ ಮೇಡಂ!" ಹರ್ಜ್‌ಬರ್ಗ್ ಎಂಬ ಮನಃಶಾಸ್ತ್ರಜ್ಞ 1959ರ ಹೊತ್ತಿಗೇ ಹೇಳಿದ ಮಾತು ಇದು. ಸಂಬಳ, ಗಾಳಿ, ಬೆಳಕು ಸರಿ ಇಲ್ಲದಿದ್ದರೆ ಜನ ಬೇಸರಗೊಳ್ಳುತ್ತಾರೆ. ಅವು ಸರಿ ಇದ್ದ ಮಾತ್ರಕ್ಕೆ ಕೆಲಸದಲ್ಲಿ ಖುಷಿ ಬರುವುದಿಲ್ಲ, ಅದಕ್ಕೆ ಮೆಚ್ಚುಗೆ, ಹೊಣೆ ಬೇಕು. ಎರಡೂ ಬೇರೆ ಬೇರೆ ಖಾತೆ. ಈ ವಿಂಗಡಣೆಯನ್ನು ಒಪ್ಪದವರೂ ಇದ್ದಾರೆ. ಆದರೆ ಬೆವರುವವರ ಕೈಗೆ ಸರ್ಟಿಫಿಕೇಟ್ ಕೊಟ್ಟರೆ ಅದನ್ನೇ ಬೀಸಣಿಗೆ ಮಾಡಿಕೊಳ್ಳುತ್ತಾರೆ, ಅಷ್ಟು ನನಗೂ ಗೊತ್ತು. ಫ್ಯಾನ್ ಬೇಕು ಅಂತ ಬರೆದು ಕೊಡುವುದಾದರೂ ನಿಮ್ಮ ಕೈಲಿದೆಯಲ್ಲ ಅಂದೆ.

ನಾಲ್ಕು ಭೇಟಿ ಆದವು. ಎಲ್ಲಾ ನೆಟ್ಟಗಾಯಿತು ಅಂತ ಹೇಳಲಾರೆ. ಮೊದಲ ವಾರ "ಇದು ಯಾರು ಮಾಡಿದ್ದು?" ಅಂತ ಕೇಳಿದಾಗ ಎಲ್ಲರೂ ಹೆದರಿ ಸುಮ್ಮನಾದರಂತೆ. ಅಲ್ಲಿಯವರೆಗೆ ಆ ಪ್ರಶ್ನೆ ಬರುತ್ತಿದ್ದುದು ತಪ್ಪಾದಾಗ ಮಾತ್ರ. ಚೌಕಾಬಾರದಲ್ಲಿ ಕಾಯಿ ಹೊಡೆದಿದ್ದಕ್ಕೆ ಇಬ್ಬರು ಒಂದು ವಾರ ಮಾತು ಬಿಟ್ಟಿದ್ದರು. ಒಂದು ಫ್ಯಾನ್ ತಿರುಗುತ್ತಿದೆ, ಇನ್ನೊಂದು ಇಲ್ಲ. ಅಕ್ಕ ಮತ್ತೆ ಎಲ್ಲರ ಜೊತೆ ಊಟಕ್ಕೆ ಕೂರುತ್ತಿದ್ದಾರೆ. ಸಾರ್‌ಗೆ ಈಗ ಐದರವರೆಗೆ ನಿದ್ದೆ ಬರುತ್ತದೆ, ಬಿಪಿ ಮಾತ್ರೆ ಮುಂದುವರಿದಿದೆ.

ಫ್ರೇಮನ್ನು ಮಾತ್ರ ಅವರು ಬಿಸಾಡಲಿಲ್ಲ. ಅದರೊಳಗೆ ಈಗ ಸಂಜೆಯ ಬಸ್ ಟೈಮಿಂಗ್ ಬರೆದು ಹಾಕಿದ್ದಾರಂತೆ.