ಇಕಿಗಾಯ್ ಚಿತ್ರದ ನಡುಭಾಗ ಖಾಲಿ ಉಳಿದರೆ ಬದುಕಿಗೆ ಗುರಿ ಇಲ್ಲ ಅಂತಾನಾ?

ನಿಮ್ಮ ಪ್ರಶ್ನೆ ಓದಿದೆ. ಆಫೀಸಿನ ತರಬೇತಿಯಲ್ಲಿ ಒಂದರೊಳಗೊಂದು ಹಾಯುವ ನಾಲ್ಕು ವೃತ್ತದ ಇಕಿಗಾಯ್ (ಜಪಾನಿ ಪದ, 'ಬದುಕಲು ಕಾರಣ' ಅಂತ ಅರ್ಥ) ಹಾಳೆ ಕೊಟ್ಟರು, ಸುತ್ತಲಿನ ಜಾಗ ಹೇಗೋ ತುಂಬಿತು, ನಾಲ್ಕೂ ಕೂಡುವ ನಡುವೆ ಬರೆಯೋಕೆ ಏನೂ ಹೊಳೆಯಲಿಲ್ಲ, ಆವತ್ತಿನಿಂದ ಮನಸ್ಸಿಗೆ ಒಂಥರಾ ಆಗಿದೆ ಅಂದಿದ್ದೀರಿ. ಭಾನುವಾರ ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡೋದು ತುಂಬಾ ಇಷ್ಟ, ಆದರೆ ಅದರಿಂದ ದುಡ್ಡು ಬರಲ್ಲ, ಹಾಗಾಗಿ ಅದನ್ನೇ ಕೋಚಿಂಗ್ ಕ್ಲಾಸ್ ಮಾಡಿಬಿಡಲಾ ಅಂತಲೂ ಕೇಳಿದ್ದೀರಿ.

ನಾನು ಕಾಲೇಜು ಮಕ್ಕಳ ಜೊತೆ ಮುಂದೇನು ಓದಬೇಕು, ಯಾವ ಕೆಲಸಕ್ಕೆ ಹೋಗಬೇಕು ಅಂತ ಕೂತು ಮಾತಾಡುವವಳು. ಈ ಚಿತ್ರ ನೋಡಿ ಕುಗ್ಗಿಹೋದವರು ನೀವೊಬ್ಬರೇ ಅಲ್ಲ. ಹತ್ತೊಂಬತ್ತು ವರ್ಷದ ಮಕ್ಕಳೂ ಇದನ್ನು ಹಿಡಿದುಕೊಂಡು ಅಳುಮುಖ ಮಾಡಿಕೊಂಡು ಬರುತ್ತಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆ ಚಿತ್ರ ಜಪಾನಿನದಲ್ಲ. ಅದನ್ನು ಬರೆದದ್ದು 2011ರಲ್ಲಿ, ಆಂದ್ರೆಸ್ ಸುಸುನಾಗಾ ಎಂಬ ಸ್ಪೇನಿನ ಜ್ಯೋತಿಷಿ. ಆಗ ನಡುವೆ 'ಇಕಿಗಾಯ್' ಇರಲಿಲ್ಲ, 'ಉದ್ದೇಶ' ಎಂಬರ್ಥದ ಸ್ಪ್ಯಾನಿಷ್ ಪದ ಇತ್ತು. ಮರುವರ್ಷ ಅದು ಒಂದು ಸ್ಪ್ಯಾನಿಷ್ ಪುಸ್ತಕದಲ್ಲಿ ಅಚ್ಚಾಯಿತು. ಆಮೇಲೆ 2014ರ ಮೇ ತಿಂಗಳಲ್ಲಿ ಮಾರ್ಕ್ ವಿನ್ ಎಂಬ ಬ್ರಿಟಿಷ್ ಬ್ಲಾಗರ್ ಒಂದು ಕೆಲಸ ಮಾಡಿದರು. ಡಾನ್ ಬ್ಯೂಟ್ನರ್ ಎಂಬ ಅಮೆರಿಕದ ಲೇಖಕ ಜಪಾನಿನ ಒಕಿನಾವಾ ದ್ವೀಪದ ದೀರ್ಘಾಯುಷಿಗಳ ಬಗ್ಗೆ ಮಾಡಿದ ಟೆಡ್ ಭಾಷಣದಲ್ಲಿ ವಿನ್ ಇಕಿಗಾಯ್ ಬಗ್ಗೆ ಕೇಳಿದ್ದರು. ಈ ಚಿತ್ರವೂ ಅವರ ಕಣ್ಣಿಗೆ ಬಿದ್ದಿತ್ತು. ನಡುವಿನ ಪದ ತೆಗೆದು ಇಕಿಗಾಯ್ ಅಂತ ಹಾಕಿದರು, ಅಷ್ಟೇ. ತಾನು ಮಾಡಿದ್ದು ಒಂದು ಪದ ಬದಲಿಸಿದ್ದು ಮಾತ್ರ ಅಂತ ಆಮೇಲೆ ಅವರೇ ಬರೆದುಕೊಂಡಿದ್ದಾರೆ. ವೃತ್ತಗಳು ಮಾತ್ರ ಹಳೆಯವೇ: ನಿಮಗೆ ಇಷ್ಟವಾದದ್ದು, ನಿಮಗೆ ಚೆನ್ನಾಗಿ ಬರುವಂಥದ್ದು, ಜಗತ್ತಿಗೆ ಬೇಕಾದದ್ದು, ದುಡ್ಡು ತರುವಂಥದ್ದು.

ಇಲ್ಲಿ ನನಗೆ ತುಂಬಾ ಕಾಡುವುದು ಒಂದಿದೆ. ಬ್ಯೂಟ್ನರ್ ಆ ಭಾಷಣದಲ್ಲಿ ಹೇಳಿದ ಜನ ಯಾರು ಗೊತ್ತಾ? ಕರಾಟೆ ವಿದ್ಯೆಯನ್ನು ಮುಂದಿನವರಿಗೆ ದಾಟಿಸುತ್ತಿದ್ದ 102 ವರ್ಷದ ಗುರು. ಮನೆಯವರಿಗಾಗಿ ವಾರಕ್ಕೆ ಮೂರು ಸಲ ಮೀನು ಹಿಡಿದು ತರುತ್ತಿದ್ದ ನೂರು ವರ್ಷದ ಅಜ್ಜ. ಮರಿಮೊಮ್ಮಗಳ ಮೊಮ್ಮಗಳನ್ನು ಎತ್ತಿಕೊಳ್ಳುವುದೇ ಸ್ವರ್ಗ ಅನ್ನುವ 102 ವರ್ಷದ ಅಜ್ಜಿ. ಆ ಅಜ್ಜಿಯನ್ನು ನಿಮ್ಮ ಹಾಳೆಯಲ್ಲಿ ಕೂರಿಸಿ ನೋಡಿ. ಕೂಸನ್ನು ಎತ್ತಿಕೊಂಡರೆ ಯಾರು ಸಂಬಳ ಕೊಡುತ್ತಾರೆ? ನಡುಭಾಗಕ್ಕೆ ಅವರು ಬರುವುದೇ ಇಲ್ಲ. ಅಂದರೆ ಯಾರ ಬದುಕು ನೋಡಿ ಆ ಪದ ತಂದರೋ, ಅವರಿಗೇ ಆ ಚಿತ್ರದಲ್ಲಿ ಜಾಗ ಇಲ್ಲದ ಹಾಗಾಯಿತು.

ಹಳೇ ಚಿತ್ರ, ಹೊಸ ಹೆಸರು. ಇದರಿಂದ ನಮ್ಮ ಮನಸ್ಸಿನಲ್ಲಿ ಏನಾಗುತ್ತೆ ಅಂದರೆ, 'ಯಾವ ಕೆಲಸ ನನಗೆ ಹೊಂದುತ್ತೆ' ಅಂತ ಕೇಳಲು ಬರೆದ ಹಾಗಿರುವ ಚಿತ್ರ 'ನಾನು ಯಾಕೆ ಬದುಕಬೇಕು' ಎಂಬ ಪ್ರಶ್ನೆಯನ್ನು ಹೊತ್ತುಕೊಂಡು ಬರುತ್ತೆ. ಮೊದಲನೆಯದಕ್ಕೆ ಉತ್ತರ ಸಿಗದಿದ್ದರೆ ಇನ್ನೊಂದು ಕಡೆ ಅರ್ಜಿ ಹಾಕಬಹುದು. ಎರಡನೆಯದಕ್ಕೆ ಸಿಗದಿದ್ದರೆ ನಿಮ್ಮ ಹಾಗೆ ಮನಸ್ಸು ಕೆಡುತ್ತೆ. ಗೆರೆ ಒಂದೂ ಅಲುಗಿಲ್ಲ, ಆದರೆ ನಮಗೆ ಹಾಕಿದ ಷರತ್ತು ಪೂರ್ತಿ ಬದಲಾಯಿತು.

ನೀವು ಗಣಿತ ಹೇಳಿಕೊಡುವವರು ಅಲ್ವಾ, ಇದೊಂದು ನೋಡಿ. ನಾಲ್ಕು ವಿಷಯಗಳಿಗೆ 'ಇದೆ, ಇಲ್ಲ' ಅಂತ ಲೆಕ್ಕ ಹಾಕಿದರೆ ಒಟ್ಟು 16 ಸಾಧ್ಯತೆ. ಆದರೆ ನಾಲ್ಕು ವೃತ್ತಗಳನ್ನು ನೀವು ಹೇಗೇ ಬರೆಯಿರಿ, ಹೊರಗಿನ ಜಾಗವೂ ಸೇರಿ 14 ಭಾಗಕ್ಕಿಂತ ಜಾಸ್ತಿ ಬರಲ್ಲ. ವೆನ್ ಚಿತ್ರ ಅಂತ ಇಂಥವಕ್ಕೆ ಯಾರ ಹೆಸರು ಬಂತೋ ಆ ಇಂಗ್ಲಿಷ್ ತರ್ಕಶಾಸ್ತ್ರಜ್ಞ ಜಾನ್ ವೆನ್‌ಗೂ ಇದು ಗೊತ್ತಿತ್ತು, 1880ರಲ್ಲಿ ನಾಲ್ಕು ಗಣಗಳಿಗೆ ಅವರು ವೃತ್ತ ಬಿಟ್ಟು ದೀರ್ಘವೃತ್ತ ಬಳಸಿದ್ದು ಅದಕ್ಕೇ. ಹಾಗಾದರೆ ಇಕಿಗಾಯ್ ಚಿತ್ರದಲ್ಲಿ ಕಾಣೆಯಾದ ಆ ಎರಡು ಭಾಗ ಯಾವುದು? ಎದುರುಬದುರು ಇರುವ ವೃತ್ತಗಳ ಜೋಡಿ. ಒಂದು, ಇಷ್ಟವೂ ಇದೆ, ದುಡ್ಡೂ ಬರುತ್ತೆ, ಬೇರೆರಡೂ ಇಲ್ಲ. ಇನ್ನೊಂದು, ಚೆನ್ನಾಗಿ ಬರುತ್ತೆ, ಬೇಕಾಗಿಯೂ ಇದೆ, ಆದರೆ ಇಷ್ಟ ಅಂತ ಮಾಡುವುದಲ್ಲ, ದುಡ್ಡೂ ಇಲ್ಲ.

ಈ ಎರಡನೆಯದರ ಮೇಲೆ ಸ್ವಲ್ಪ ನಿಲ್ಲೋಣ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆ ನಿಮ್ಮ ಬಂಧುಗಳಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಬೆನ್ನು ಹುಣ್ಣಾಗದ ಹಾಗೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು, ಗಂಟಲಲ್ಲಿ ಸಿಕ್ಕಿಕೊಳ್ಳದಷ್ಟು ತೆಳುವಾಗಿ, ಮತ್ತೆ ತೀರಾ ನೀರಾಗದ ಹಾಗೆ ಗಂಜಿ ಮಾಡುವುದು, ಮಾತು ನಿಂತವರ ಹುಬ್ಬು ನೋಡಿಯೇ ನೋವು ಎಲ್ಲಿ ಅಂತ ತಿಳಿಯುವುದು. ಇದೆಲ್ಲ ಅವರಿಗೆ ಕರಗತ. ಆ ಮನೆಗೆ ಅದು ಬೇಕೇ ಬೇಕು. ಇಷ್ಟಪಟ್ಟು ಆರಿಸಿಕೊಂಡದ್ದಲ್ಲ, ಯಾರೂ ದುಡ್ಡು ಕೊಡಲ್ಲ. ಆ ಚಿತ್ರದಲ್ಲಿ ಇಂಥವರನ್ನು ಬರೆಯಲು ಒಂದು ಮೂಲೆ ಸಹ ಇಲ್ಲ. ಹೀಗೆ ದುಡಿಯುವ ಕೋಟ್ಯಂತರ ಹೆಂಗಸರ ದಿನಗಳು ಅರ್ಥವಿಲ್ಲದವು ಅಂತ ನಾನಂತೂ ಒಪ್ಪಲಾರೆ.

ಜಪಾನಿನಲ್ಲೇ ಈ ವಿಷಯವನ್ನು ಮನಸಾರೆ ಹುಡುಕಿದವರು ಮಿಯೆಕೊ ಕಾಮಿಯಾ ಎಂಬ ಮನೋವೈದ್ಯೆ. 1966ರಲ್ಲಿ ಇಕಿಗಾಯ್ ಬಗ್ಗೆ ಪುಸ್ತಕ ಬರೆದರು. ಅವರು ಈ ಪ್ರಶ್ನೆ ಕೇಳಿದ್ದು ಕಂಪನಿಗಳಲ್ಲಿ ಅಲ್ಲ, ಒಕಾಯಾಮಾ ಪ್ರಾಂತ್ಯದ ನಾಗಾಶಿಮಾ ದ್ವೀಪದಲ್ಲಿದ್ದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ. ಮನೆ, ಊರು, ಕೆಲಸ ಎಲ್ಲ ಕಳೆದುಕೊಂಡು ಬಂದವರು ಅಲ್ಲಿದ್ದರು. ಒಂದೇ ಜಾಗ, ಒಂದೇ ಕಾಯಿಲೆ, ಆದರೂ ಕೆಲವರಿಗೆ ದಿನ ದೂಡುವುದೇ ಕಷ್ಟ, ಇನ್ನು ಕೆಲವರಲ್ಲಿ ಬದುಕುವ ಆಸೆ ಗಟ್ಟಿಯಾಗಿತ್ತು. ಯಾಕೆ ಅಂತ ಅವರು ಕೇಳಿಕೊಂಡರು. ಬದುಕಿಗೆ ಬಲ ಕೊಡುವ ವಸ್ತು ಅಥವಾ ವ್ಯಕ್ತಿ ಒಂದು, ಅದರಿಂದ ಒಳಗೆ ಹುಟ್ಟುವ ಭಾವ ಇನ್ನೊಂದು ಅಂತ ಬಿಡಿಸಿ ನೋಡಿದರು. ಮನುಷ್ಯನಿಗೆ ಬೇಕಾದದ್ದು ಅಂತ ಅವರು ಎಣಿಸಿದವುಗಳಲ್ಲಿ ಬದಲಾವಣೆ ಇದೆ, ಸ್ವಾತಂತ್ರ್ಯ ಇದೆ, ಇನ್ನೊಬ್ಬರ ಮನಸ್ಸು ನಮಗೆ ಓಗೊಡುವುದು ಇದೆ, ಮುಂದಿನ ದಿನಗಳ ಬಗ್ಗೆ ಭರವಸೆ ಇದೆ. ಸಂಬಳ ಇಲ್ಲ.

ಮಿಯಾಗಿ ಪ್ರಾಂತ್ಯದ ಒಸಾಕಿಯಲ್ಲಿ ನಡೆದ ಅಧ್ಯಯನವೂ ಇದೆ, 2008ರಲ್ಲಿ ಪ್ರಕಟವಾದದ್ದು. 40 ರಿಂದ 79 ವಯಸ್ಸಿನ 43,391 ಜನರನ್ನು 'ನಿಮ್ಮ ಬದುಕಿನಲ್ಲಿ ಇಕಿಗಾಯ್ ಇದೆಯಾ' ಅಂತ ಸೀದಾ ಕೇಳಿ, ಏಳು ವರ್ಷ ಗಮನಿಸಿದರು. 59% ಜನ ಇದೆ ಅಂದರು, ಇಲ್ಲವೇ ಇಲ್ಲ ಅಂದವರು 4.6%. ಇಲ್ಲ ಅಂದವರಲ್ಲಿ ಸಾವು ಜಾಸ್ತಿ ಇತ್ತು. ಅವರಲ್ಲಿ ಕಾಯಿಲೆಯವರು, ಕೆಲಸ ಇಲ್ಲದವರು ಮೊದಲೇ ಜಾಸ್ತಿ ಇದ್ದರು, ಲೆಕ್ಕ ಹಾಕುವಾಗ ಅದನ್ನೂ ಗಣನೆಗೆ ತೆಗೆದುಕೊಂಡಿದ್ದಾರೆ. ನಾನು ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ. ಅಲ್ಲಿ ಯಾರ ಕೈಗೂ ನಾಲ್ಕು ವೃತ್ತ ಕೊಟ್ಟಿರಲಿಲ್ಲ, ಮತ್ತೆ ಅರ್ಧಕ್ಕಿಂತ ಜಾಸ್ತಿ ಜನ ಇದೆ ಅಂತ ಹೇಳಲು ಕಷ್ಟಪಡಲಿಲ್ಲ. ನಾಲ್ಕೂ ಒಟ್ಟಿಗೆ ಬೇಕು ಅಂತ ಕೇಳಿದ್ದರೆ ಎಷ್ಟು ಜನ ಕೈ ಎತ್ತುತ್ತಿದ್ದರು?

ಇನ್ನು ನಿಮ್ಮ ಭಾನುವಾರದ ಪಾಠ. ಆ ಹಾಳೆ ನಿಮಗೆ ಹೇಳುತ್ತಿರುವುದು ಏನು ಅಂದರೆ, ಮೂರು ವೃತ್ತ ಆಯಿತು, ದುಡ್ಡು ಒಂದು ಸೇರಿಸಿದರೆ ನಡುವಿಗೆ ಬಂದುಬಿಡುತ್ತೀರಿ. ಈ ಮಾತು ನನಗೆ ಹೆದರಿಕೆ ಹುಟ್ಟಿಸುತ್ತೆ. 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯೋದು ಆ ಮಕ್ಕಳಿಗೆ ಮೊದಲೇ ಇಷ್ಟ. ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಅಂತ ಮುಂಚೆ ಹೇಳಿದರು, ಕೊಟ್ಟರು. ಒಂದೆರಡು ವಾರ ಬಿಟ್ಟು, ಬಿಡುವಿನ ಹೊತ್ತಿನಲ್ಲಿ ಮತ್ತೆ ಪೆನ್ನು ಇಟ್ಟಾಗ, ಪ್ರಶಸ್ತಿಗಾಗಿ ಬರೆದ ಮಕ್ಕಳು ಉಳಿದವರು ಬರೆಯುವುದರ ಸುಮಾರು ಅರ್ಧ ಹೊತ್ತು ಮಾತ್ರ ಬರೆದರು. ಏನನ್ನೂ ಹೇಳದೆ ಕೊನೆಗೆ ಪ್ರಶಸ್ತಿ ಕೊಟ್ಟ ಮಕ್ಕಳಿಗೆ ಏನೂ ಆಗಿರಲಿಲ್ಲ.

ನನ್ನ ಸೋದರಮಾವ ಶಿರಸಿ ಕಡೆಯವರು, ಅಡಿಕೆ ತೋಟ ಇದೆ, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ಊಟ, ಓಡಾಟದ ಖರ್ಚು ಬಿಟ್ಟರೆ ಏನೂ ಸಿಗಲ್ಲ. ಅಂಗಳದಲ್ಲಿ ಅಡಿಕೆ ಹರವುತ್ತಾ ಇರುವಾಗ ತುಟಿ ಅಲ್ಲಾಡುತ್ತಾ ಇರುತ್ತೆ, ಮರೆಯಲ್ಲಿ ನಿಂತು ಬಾಣ ಯಾಕೆ ಬಿಟ್ಟೆ ಅಂತ ವಾಲಿ ಕೇಳಿದರೆ ರಾಮನಾಗಿ ತಾನು ಏನು ಹೇಳಬೇಕು ಅಂತ. ಎದುರು ಅರ್ಥಧಾರಿ ಕಳೆದ ಸಲ ಎಲ್ಲಿ ಹಿಡಿದು ನಿಲ್ಲಿಸಿದರು ಅಂತ ಅವರಿಗೆ ಇವತ್ತಿಗೂ ನೆನಪಿದೆ. ತೋಟದಿಂದ ಮನೆ ನಡೆಯುತ್ತೆ, ಅರ್ಥ ಹೇಳೋದರಿಂದ ಮನಸ್ಸು ನಡೆಯುತ್ತೆ. ಎರಡನ್ನೂ ಒಂದೇ ಕಡೆ ತರಬೇಕು ಅಂತ ಅವರಿಗೆ ಯಾವತ್ತೂ ಅನ್ನಿಸಿದ್ದಿಲ್ಲ.

ಕೋಚಿಂಗ್ ಮಾಡಲೇಬಾರದು ಅಂತ ನಾನು ಹೇಳಲ್ಲ. ನಿಜವಾಗಿ ದುಡ್ಡು ಬೇಕಾಗಿದ್ದರೆ ಮಾಡಿ, ಅದು ಮರ್ಯಾದೆಯ ದುಡಿಮೆ. ಆದರೆ ಆಗ ಫೀಸು ಕೊಟ್ಟ ಅಪ್ಪ ಅಮ್ಮ ಅಂಕ ಕೇಳುತ್ತಾರೆ, ಸಿಲಬಸ್ ಮುಗಿಸಬೇಕಾಗುತ್ತೆ, ಭಿನ್ನರಾಶಿ ತಲೆಗೆ ಹೋಗದ ಹುಡುಗಿಯ ಪಕ್ಕ ಅರ್ಧ ಗಂಟೆ ಸುಮ್ನೆ ಕೂರಲು ಆಗಲ್ಲ. ಅದೂ ನಿಮಗೆ ಸರಿ ಅನ್ನಿಸಿದರೆ ಮಾತ್ರ ಕೈ ಹಾಕಿ. ಒಂದು ಹಾಳೆಯ ನಡುಭಾಗ ತುಂಬಿಸೋಕೆ ಅಂತ ಮಾತ್ರ ಮಾಡಬೇಡಿ.

ಹಾಳೆಯನ್ನು ಹರಿದು ಹಾಕುವುದೂ ಬೇಡ. ಕೆಲಸ ಬದಲಿಸುವ ಯೋಚನೆ ಇದ್ದರೆ ನಡುವಿನ ಇಕಿಗಾಯ್ ಹೊಡೆದು, 'ಮುಂದಿನ ಎರಡು ವರ್ಷಕ್ಕೆ ಕೆಲಸ' ಅಂತ ಬರೆಯಿರಿ. ದುಡ್ಡಿನ ವೃತ್ತದಲ್ಲಿ ಬಾಡಿಗೆ, ಸಾಲದ ಕಂತು, ಊರಿಗೆ ಕಳಿಸುವುದು ಎಲ್ಲ ಕೂಡಿಸಿ ತಿಂಗಳಿಗೆ ಎಷ್ಟು ಬೇಕು ಅಂತ ಅಂಕಿ ಹಾಕಿ. ಜಗತ್ತಿಗೆ ಬೇಕಾದದ್ದು ಅನ್ನುವ ಕಡೆ ನಿಮ್ಮ ಊರಲ್ಲಿ ಈಗ ಯಾವ ಕೆಲಸಕ್ಕೆ ಜನ ಹುಡುಕುತ್ತಿದ್ದಾರೆ ಅಂತ ಬರೆಯಿರಿ. ಮೂರು ವೃತ್ತ ಕೂಡಿದರೆ ಸಾಕು, ಅರ್ಜಿ ಹಾಕಿ. ಗಣಿತ ಪಾಠವನ್ನು ಆ ಹಾಳೆಯಲ್ಲಿ ಬರೆಯಲೇಬೇಡಿ.